ಸಾವಿರ ವ್ಯಾಟು, ಆರುನೂರು ವ್ಯಾಟು

ಬಸ್ಸು ಕಡಗಂಚಿಯಲ್ಲಿ ನಿಂತಾಗ ಇಳಿದುಬಿಟ್ಟರೆ ಹೇಗೆ ಎಂದು ನಾಗಣ್ಣ ಮಾಸ್ತರ ನಿಜವಾಗಿಯೂ ವಿಚಾರ ಮಾಡಿದ. ಹೊಟ್ಟೆನೋವು ಎನ್ನಬಹುದು. ಹೊಟ್ಟೆನೋವಿಗೆ ಸಾಕ್ಷಿ ಬೇಕಾಗಿಲ್ಲ. ಶಾಲೆಯ ಹುಡುಗರು ಅದನ್ನು ಸುಮ್ಮನೆ ಕಂಡುಕೊಂಡಿಲ್ಲ. ಪಕ್ಕದಲ್ಲಿ ಹೆಂಡತಿ ಶಿವಕಾಂತಾ ಕಿಟಕಿಯ ಸರಳಿಗೆ ತಲೆಯಾನಿಸಿ, ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟು, ನಿದ್ದೆಯಲ್ಲೂ ಅದನ್ನು ಎರಡು ಕೈಯಲ್ಲಿ ಭದ್ರವಾಗಿ ಹಿಡಿದು ಕೂತಿದ್ದಳು. ತವರಿಗೆ ಹೊರಟ ಹೆಂಗಸಿನ ನಿದ್ದೆ ಅದು, ಅದನ್ನು ಕೆಡಿಸುವುದಕ್ಕೆ ಹೊಟ್ಟೆನೋವು ಸಾಲದು, ಕಡಿಮೆಯೆಂದರೆ ಎದೆನೋವಾದರೂ ಬೇಕು. ಅಷ್ಟರಲ್ಲಿ ಕಂಡಕ್ಟರ್ ರೈಟ್ ಎಂದ. ಬಸ್ಸು ಹೊರಟಿತು. ತನ್ನ ಬಾಳಿನ ಎಷ್ಟೋ ನಿರ್ಧಾರಗಳನ್ನು ಕಂಡಕ್ಟರುಗಳೇ ಮಾಡಿದ್ದಾರೆ ಎನಿಸಿ ನಾಗಣ್ಣನಿಗೆ ಒಂದು ಬಗೆಯ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಅಂಗಿಯ ಜೇಬಿನಲ್ಲಿದ್ದ ಇನ್‌ಲ್ಯಾಂಡ್ ಪತ್ರವನ್ನು ಮತ್ತೆ ತೆಗೆದ. ಮೂರು ದಿನದಲ್ಲಿ ಅದನ್ನು ಇಪ್ಪತ್ತು ಸಲವಾದರೂ ಓದಿರಬೇಕು. ಬರೆದವನು ಶಿವಕಾಂತಾಳ ಅಣ್ಣ ಜಗದೇವಪ್ಪ, ಆಳಂದದಲ್ಲಿ ಬೇಳೆ ಮಿಲ್ಲು ಇಟ್ಟವನು. ‘ಡಾಕ್ಟರ್ ಮಂದಿ ಗುರುವಾರ ಮತ್ತ ಬರೂದದ. ಅದಕ್ಕ ಧೂಳ ಎಳಿಯೋ ಮಷಿನ್ ತಗೋಬೇಕಂತ ಮಾಡೇನಿ. ಎರಡು ನಮೂನಿ ಅವ. ಗುಲ್ಬರ್ಗಾದಿಂದ ಮನುಷ್ಯಾ ತಗೊಂಡು ಐತವಾರ ಬರ್ತಾನ. ನೀವು ಸೈನ್ಸಿನವರು. ಪವರ್ ಎಷ್ಟದ, ಸಕ್ಷನ್ ಎಷ್ಟದ ನೋಡಿ ನೀವು ಯಾವುದಕ್ಕ ಹೂಂ ಅಂತೀರೋ ಅದೇ ಖಾಯಂ.’

ಖಾಯಂ ಎನ್ನುವ ಶಬ್ದದ ಕೆಳಗೆ ಜಗದೇವಪ್ಪ ಎರಡು ಗೆರೆ ಎಳೆದಿದ್ದ. ಆ ಎರಡು ಗೆರೆಗಳು ನಾಗಣ್ಣನಿಗೆ ರೈಲುಹಳಿಯಂತೆ ಕಂಡವು. ಹನ್ನೆರಡು ವರ್ಷದ ಅಳಿಯತನದಲ್ಲಿ, ಮೊದಲ ವರ್ಷದ ಒಂದು ರೇಡಿಯೋ ಬಿಟ್ಟರೆ, ಆ ಮನೆಯವರು ಅವನಿಗೆ ಕೇಳಿದ್ದೆಲ್ಲ ಇನ್ನೊಂದು ಹೋಳಿಗೆ ಹಾಕಲೇ, ತುಪ್ಪ ಬಡಿಸಲೇ ಎಂಬ ಮಾತುಗಳನ್ನೇ. ಈಗ ಅವನ ವಿದ್ಯೆಯನ್ನು ಕೇಳಿದ್ದಾರೆ. ಕೇಳಿದ್ದು ಸರಿ, ಕೊಡಬೇಕಾದವನ ಬಳಿ ಅದು ಇರಬೇಕಲ್ಲ. ನಾಗಣ್ಣ ಬಿ.ಎಸ್ಸಿ. ಪಾಸಾದದ್ದು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಹೇಗೋ ದಾಟಿದ ರಸಾಯನಶಾಸ್ತ್ರದಲ್ಲಿ. ಅವನು ಕಪ್ಪೆ ಕೊಯ್ದವನು. ಜೇವರ್ಗಿಯ ಹೈಸ್ಕೂಲಿನಲ್ಲಿ ಭೌತಶಾಸ್ತ್ರಕ್ಕೆ ಯಾರೂ ಇಲ್ಲದ್ದರಿಂದ ಹೆಡ್‌ಮಾಸ್ತರರು ‘ಎಲ್ಲಾ ಸೈನ್ಸೇ ಅಲ್ಲೇನ್ರಿ’ ಎಂದು ಆ ಪುಸ್ತಕವನ್ನು ಅವನ ಕೈಯಲ್ಲಿಟ್ಟಿದ್ದರು. ಅಂದಿನಿಂದ ಹದಿನೈದು ವರ್ಷ, ಹುಡುಗರಿಗಿಂತ ಒಂದು ಪುಟ ಮುಂದೆ ಓದಿಕೊಂಡು, ಆ ಒಂದು ಪುಟದ ಅಂತರದಲ್ಲೇ ಅವನ ಮರ್ಯಾದೆ ಉಳಿದು ಬಂದಿತ್ತು. ಈ ಸಂಗತಿ ಆಳಂದದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬದಲಿಗೆ ಅಲ್ಲಿ ಒಂದು ದಂತಕಥೆ ಇತ್ತು. ಮದುವೆಯಾದ ವರ್ಷ ನಾಗರಪಂಚಮಿಗೆ ಹೋದಾಗ ಮಾವನವರು ಬಾಯಿ ಕಟ್ಟಿದ್ದ ದೊಡ್ಡ ರೇಡಿಯೋವನ್ನು ಅವನ ಮುಂದೆ ತಂದಿಟ್ಟಿದ್ದರು. ಅವನು ಹಿಂದಿನ ಹಲಗೆ ಬಿಚ್ಚಿ, ಒಳಗಿನ ತಂತಿಗಳ ಗೊಂದಲವನ್ನು ಕಪ್ಪೆಯ ಕರುಳೆಂಬಂತೆ ಭಕ್ತಿಯಿಂದ ನೋಡಿ, ಒಮ್ಮೆ ಉಫ್ ಎಂದು ಊದಿ ಮತ್ತೆ ಮುಚ್ಚಿದ್ದ. ಮುಚ್ಚುವುದಕ್ಕೂ ರೇಡಿಯೋ ಗಂಟಲು ಕೆರೆದುಕೊಂಡು ಪೇಟೆಧಾರಣೆ ಹೇಳುವುದಕ್ಕೂ ಸರಿಹೋಯಿತು. ಮಾವನವರು ತೀರಿಹೋಗುವ ತನಕ ಬಂದವರಿಗೆಲ್ಲ ‘ನಮ್ಮ ಅಳಿಯಾ ಬರೇ ಊದಿದಾ’ ಎಂದು ಹೇಳಿದರು. ನಾಗಣ್ಣ ಪ್ರತಿ ಸಲವೂ ತಲೆ ತಗ್ಗಿಸಿ ನಕ್ಕ. ಆ ನಗುವನ್ನು ಜನ ವಿನಯ ಎಂದು ತಿಳಿದರು.

ಮಿಲ್ಲಿನ ಮಗ್ಗುಲಲ್ಲೇ ಮನೆ. ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗಲೇ ತೊಗರಿ ಹೊಟ್ಟಿನ ವಾಸನೆ, ಗುಂಯ್ ಎನ್ನುವ ಮೋಟಾರಿನ ಸದ್ದು. ಆ ಮನೆಯಲ್ಲಿ ಹಳದಿ ಧೂಳೂ ಮನೆಮಂದಿಯಲ್ಲಿ ಒಬ್ಬರಂತೆ ಇರುತ್ತಿತ್ತು. ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಕಸ ಹೊಡೆಯುವ ಬಾಳಮ್ಮ ದಿನಕ್ಕೆ ನಾಲ್ಕು ಸಲ ಕಸಬರಿಗೆ ಹಿಡಿದು ಧೂಳನ್ನು ಈ ಮೂಲೆಯಿಂದ ಎಬ್ಬಿಸಿ ಆ ಮೂಲೆಗೆ ಕೂರಿಸುತ್ತಿದ್ದಳು, ಯಾರಿಗೂ ಅದರ ಬಗ್ಗೆ ದೂರಿರಲಿಲ್ಲ. ಹದಿನೈದು ದಿನದ ಹಿಂದೆ ಜಗದೇವಪ್ಪನ ಮಗನಿಗೆ ಹೆಣ್ಣು ಕೊಡಲು ಗುಲ್ಬರ್ಗಾದ ಡಾಕ್ಟರೊಬ್ಬರು ಮನೆ ನೋಡಲು ಬಂದರು. ಚಹಾ ಕುಡಿಯುತ್ತ, ಮಾತಿನ ನಡುವೆ, ಹೊಸ ಕಲರ್ ಟಿವಿಯ ಮೇಲೆ ತೋರುಬೆರಳನ್ನು ಸುಮ್ಮನೆ ಒಮ್ಮೆ ಎಳೆದರು. ಬೆರಳನ್ನು ನೋಡಿದರು. ಏನೂ ಅನ್ನಲಿಲ್ಲ. ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡು, ಬೇಳೆಯ ಧಾರಣೆ ಈಗ ಹೇಗಿದೆ ಎಂದು ಕೇಳಿದರು. ಅಷ್ಟೇ ಆದದ್ದು. ಜಗದೇವಪ್ಪ ಆವತ್ತಿನಿಂದ ನೆಟ್ಟಗೆ ಉಂಡಿಲ್ಲ, ಕಣ್ಣು ಮುಚ್ಚಿದರೆ ಡಾಕ್ಟರರ ಬೆರಳು ಕಾಣುತ್ತದಂತೆ. ಇದನ್ನು ಅವನೇ ಪಡಸಾಲೆಯಲ್ಲಿ ನಾಗಣ್ಣನನ್ನು ಕೂರಿಸಿಕೊಂಡು ಹೇಳಿದ. ಎಂಟಾಳಿಗೆ ಒಬ್ಬನೇ ಸಮನಾದ ಆ ಭಾರಿ ಮನುಷ್ಯ ತನ್ನ ತೋರುಬೆರಳನ್ನು ಗಾಳಿಯಲ್ಲಿ ಎಳೆದು ತೋರಿಸುವಾಗ ಅವನ ಕಣ್ಣಂಚು ಒದ್ದೆಯಾಗಿತ್ತು. ‘ಒಂದು ಮಾತ ಅಂದಿದ್ರ ಚಲೋ ಇತ್ತು, ಮಾಸ್ತರ್ರೆ. ಅನ್ನಲಿಲ್ಲ ನೋಡ್ರಿ, ಅದೇ ಚುಚ್ಚಾಕತ್ತದ.’ ನಾಗಣ್ಣನಿಗೆ ಅವನ ಮೇಲೆ ಎಂದೂ ಇಲ್ಲದ ಪ್ರೀತಿ ಹುಟ್ಟಿತು. ಅವಮಾನ ಎನ್ನುವುದು ತನ್ನಂಥ ಸಂಬಳದವನ ಸೊತ್ತು ಎಂದು ಅವನು ಇಲ್ಲಿಯವರೆಗೆ ತಿಳಿದಿದ್ದ. ಮಿಲ್ಲು ಇದ್ದವರ ಮನೆಗೂ ಅದು ಹೀಗೆ ಬೆರಳ ತುದಿಯಲ್ಲಿ ಕೂತು ಬರುತ್ತದೆ ಎನ್ನುವುದು ಹೊಸ ಸಂಗತಿ.

ಗುಲ್ಬರ್ಗಾದ ಅಂಗಡಿಯ ಶರಫುದ್ದೀನ ಆಗಲೇ ಬಂದು, ಸುಣ್ಣ ಹೊಡೆದು ಎರಡು ದಿನವೂ ಆಗದ ಬೆಳ್ಳನೆಯ ಗೋಡೆಯ ಕೆಳಗೆ ಜಮಖಾನ ಹಾಸಿ ಎರಡು ಯಂತ್ರಗಳನ್ನು ಕೂರಿಸಿಕೊಂಡಿದ್ದ. ಒಂದು ಕೆಂಪು, ದಪ್ಪ, ಹಂಡೆಯ ಹಾಗೆ. ಇನ್ನೊಂದು ಹಸಿರು, ಮೋಟು, ಉದ್ದ ಸೊಂಡಿಲಿನದು. ಶರಫುದ್ದೀನ ಟೈ ಕಟ್ಟಿದ್ದ, ಆದರೆ ಕಾಲಲ್ಲಿ ಚಪ್ಪಲಿ. ಒಗಟಿನಂತಿದ್ದ ಈ ವೇಷ ನಾಗಣ್ಣನಿಗೆ ಧೈರ್ಯ ಕೊಡಬೇಕಿತ್ತು, ಕೊಡಲಿಲ್ಲ. ‘ಈ ಲಾಲ್ ಅದಲ್ರಿ ಸಾಬ, ಸಾವಿರ ವ್ಯಾಟ್. ಹಾಥಿ, ಆನಿ! ಈ ಹಸರಂದು ಆರುನೂರು. ಇದೂ ಖರಾಬ್ ಇಲ್ರಿ, ಅಫಜಲಪುರದ ವಕೀಲರು ಇದನ್ನೇ ತಗೊಂಡಾರ. ಖರೆ ಲಾಲ್ ಅಂದ್ರ ಲಾಲ್’ ಎಂದು ಅವನು ಕೆಂಪು ಯಂತ್ರದ ಗುಂಡಿ ಒತ್ತಿದ. ಮಿಲ್ಲಿನ ಸದ್ದೂ ಮುಚ್ಚಿಹೋಗುವಂಥ ಗರ್ಜನೆ. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು. ಶರಫುದ್ದೀನ ಒಂದು ಹಿಡಿ ತೊಗರಿ ಹೊಟ್ಟನ್ನು ನೆಲಕ್ಕೆ ಚೆಲ್ಲಿ ಕೊಳವೆ ಹಿಡಿದ. ಹೊಟ್ಟು ಮಾಯ. ಹಸಿರು ಯಂತ್ರ ಹಚ್ಚಿದ. ಅದು ಸೊಳ್ಳೆಯ ಹಾಗೆ ಸಣ್ಣಗೆ ಕುಂಯ್‌ಗುಟ್ಟಿತು. ಮತ್ತೊಂದು ಹಿಡಿ ಹೊಟ್ಟು, ಅದೂ ಮಾಯ. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಬಾಳಮ್ಮ ಎರಡನ್ನೂ ಸವತಿಯರನ್ನು ನೋಡುವಂತೆ ನೋಡಿದಳು. ‘ಇದ್ಯಾಕ ಬೇಕಿತ್ರಿ ಸಾವ್ಕಾರ್ರೆ, ನನ್ನ ಕೈ ಏನ್ ಸೇದಿಹೋಗ್ಯಾವಾ?’ ಜಗದೇವಪ್ಪ ಅವಳಿಗೆ ಕೈಸನ್ನೆಯಲ್ಲೇ ಸುಮ್ಮನಿರು ಎಂದು, ‘ಇದರಾಗ ನೋಡೂದೇನದ? ನಮ್ಮ ಮಿಲ್ಲಿನ ಮೋಟಾರ್ ಹಂಗೇ. ಎಚ್‌ಪಿ ಹೆಚ್ಚಿದ್ರ ಜೋರ ಹೆಚ್ಚು. ಸಾವಿರದ್ದೇ ಆತಲ್ರಿ?’ ಎಂದು ನಾಗಣ್ಣನ ಕಡೆ ತಿರುಗಿದ.

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಗಣ್ಣ ಹೌದು ಎನ್ನುವುದಕ್ಕೇ ಬಾಯಿ ತೆರೆದದ್ದು. ಆದರೆ ಎಲ್ಲರೂ ತನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಮಂಚದ ಮೇಲಿಂದ ಅತ್ತೆ ಶಾರದಾಬಾಯಿಯವರೂ ಜಪ ನಿಲ್ಲಿಸಿ ನೋಡುತ್ತಿದ್ದಾರೆ, ಅಡುಗೆಮನೆಯ ಬಾಗಿಲಲ್ಲಿ ಶಿವಕಾಂತಾಳ ಸೆರಗು ಕಾಣುತ್ತಿದೆ. ಇಷ್ಟು ದೂರದಿಂದ ಎರಡು ಬಸ್ಸು ಹತ್ತಿಸಿ ಕರೆಸಿದ ವಿದ್ಯೆ ಬರೀ ಹೌದು ಎಂದರೆ ಹೇಗೆ? ಅವನಿಗೇ ತಿಳಿಯದಂತೆ ಬಾಯಿಂದ ಒಂದು ಮಾತು ಬಂತು. ‘ಪವರ್ ಬ್ಯಾರೆ, ಸಕ್ಷನ್ ಬ್ಯಾರೆ.’ ಶರಫುದ್ದೀನ ಟೈ ಸರಿಮಾಡಿಕೊಂಡ. ಮಾತು ಎಲ್ಲಿಂದ ಬಂತೋ, ಸರಿಯೋ ತಪ್ಪೋ, ನಾಗಣ್ಣನಿಗೆ ಗೊತ್ತಿಲ್ಲ, ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ‘ವ್ಯಾಟ್ ಅನ್ನೂದು ಮಷಿನ್ ಕರೆಂಟ್ ಎಷ್ಟು ತಿಂತದ ಅನ್ನೂದ್ರಿ ಭಾವೋರ. ಅದು ಎಷ್ಟು ಎಳಿತದ ಅನ್ನೂದಲ್ಲ.’ ಶಾರದಾಬಾಯಿ ಮಂಚದ ಮೇಲಿಂದ, ‘ಅಂದ್ರ ವ್ಯಾಟು ಅಂದ್ರ ಮೇವು, ಸಕ್ಷನ್ನು ಅಂದ್ರ ಹಾಲು, ಹೌದಿಲ್ಲೋ ಅಳಿಯದೇವ್ರೆ? ನಮ್ಮ ಕರಿ ಎಮ್ಮಿ ತಿನ್ನೂದು ಹೊರಿಗಟ್ಟಲೆ, ಹಿಂಡೂದು ಒಂದು ಚರಿಗಿ’ ಎಂದರು. ನಾಗಣ್ಣನಿಗೆ ಇದು ಅರ್ಥವಾದದ್ದು ಅದೇ ಕ್ಷಣದಲ್ಲಿ. ಹದಿನೈದು ವರ್ಷ ಕರಿಹಲಗೆಯ ಮೇಲೆ ಬರೆದೂ ತಿಳಿಯದ್ದನ್ನು ಅಕ್ಷರ ಬಾರದ ಈ ಮುದುಕಿ ಎಮ್ಮೆಯ ಬಾಲ ಹಿಡಿದು ದಾಟಿಸಿಬಿಟ್ಟರು. ‘ಬರೋಬ್ಬರ್ ಹೇಳಿದ್ರಿ ಅತ್ತಿ’ ಎಂದ, ಮಾಸ್ತರನ ಗತ್ತಿನಲ್ಲಿ. ಜಗದೇವಪ್ಪ ಅವನನ್ನು ಮೊದಲ ಸಲ ನೋಡುವಂತೆ ನೋಡಿದ. ‘ಹಂಗಾರ ಹಾಲು ಅಳಿಯೂದು ಹ್ಯಾಂಗ್ರಿ?’

ಹಾಲು ಅಳೆಯುವುದು ಹೇಗೆ. ಎಂಟನೆಯ ಪುಟವೋ ಎಂಬತ್ತನೆಯದೋ, ಪುಸ್ತಕದ ಎಡಗಡೆ ಒಂದು ಚಿತ್ರ ಇತ್ತು, ನೀರಿನ ಪಾತ್ರೆ, ಅದರಲ್ಲಿ ನಿಂತ ಗಾಜಿನ ನಳಿಕೆ, ನಳಿಕೆಯಲ್ಲಿ ಏರಿದ ನೀರು. ಆ ಚಿತ್ರದ ಜೊತೆಗೇ ಒಂಬತ್ತನೆಯ ಇಯತ್ತೆಯ ಮೂರನೆಯ ಬೆಂಚು, ಬೆಂಚಿನಲ್ಲಿ ಎದ್ದುನಿಂತ ಕೊಳಕೂರದ ಹುಡುಗಿ ನಿಂಬೆವ್ವ ನೆನಪಾದಳು. ನೆನಪಾಗುವುದು ಬೇಡ ಎಂದು ಅವನು ಒಂದು ತಿಂಗಳಿಂದ ಆ ಬೆಂಚಿನ ಕಡೆ ನೋಡದೆ ಪಾಠ ಮಾಡುತ್ತಿದ್ದ. ನಿರ್ವಾತ ಎಂದರೆ ಒಳಗೆ ಏನೂ ಇಲ್ಲದ ಜಾಗ, ಅದು ನೀರನ್ನು ಮೇಲಕ್ಕೆ ಎಳೆಯುತ್ತದೆ ಎಂದು ಅವನು ಹೇಳಿದ್ದ. ಆ ಹುಡುಗಿ ಎದ್ದು, ಎರಡು ಜಡೆಯಲ್ಲಿ ಒಂದನ್ನು ಬೆರಳಿಗೆ ಸುತ್ತುತ್ತ, ‘ಸರ್, ಒಳಗ ಏನೂ ಇಲ್ಲಂದ್ರ, ಏನೂ ಇಲ್ದಿದ್ದು ಹ್ಯಾಂಗ ಎಳಿತದ್ರಿ?’ ಎಂದು ಕೇಳಿದಳು. ಅದರಲ್ಲಿ ತುಂಟತನ ಇರಲಿಲ್ಲ, ಅದೇ ತಪ್ಪಾದದ್ದು. ತುಂಟತನವಾಗಿದ್ದರೆ ನಕ್ಕುಬಿಡಬಹುದಿತ್ತು. ನಾಗಣ್ಣ, ‘ಭಾಳ ಶಾಣ್ಯಾಕಿ ಆಗಬ್ಯಾಡ, ಪರೀಕ್ಷಾಕ್ಕ ಬರಾಂಗಿಲ್ಲ ಅದು’ ಎಂದು ಅವಳನ್ನು ಗಂಟೆ ಹೊಡೆಯುವ ತನಕ ನಿಲ್ಲಿಸಿದ್ದ. ಅವಳು ನಿಂತೇ ಇದ್ದಳು. ಕಿಟಕಿಯ ಹೊರಗೆ ನೋಡುತ್ತ, ಸಿಟ್ಟಿಲ್ಲದೆ, ಇನ್ನೂ ಅದನ್ನೇ ವಿಚಾರ ಮಾಡುತ್ತ. ಅದಾದ ಮೂರನೆಯ ದಿನ ಅವನಿಗೆ ದೊಡ್ಡ ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಓದಿದ, ಉರುಹೊಡೆದ, ಆದರೆ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಹುಡುಗಿಗೆ ಹೇಳಲೂ ಇಲ್ಲ. ಹೇಳಿದರೆ ಆವತ್ತು ಗೊತ್ತಿರಲಿಲ್ಲ ಎಂದು ಒಪ್ಪಿದ ಹಾಗಾಗುತ್ತದಲ್ಲ.

‘ಒಂದು ಬಕೀಟು ನೀರು ತರ್ರಿ’ ಎಂದ ನಾಗಣ್ಣ. ಹಿತ್ತಲಲ್ಲಿ ಬರುವ ಸೊಸೆಗಾಗಿ ಹೊಸ ಬಚ್ಚಲು ಕಟ್ಟುತ್ತಿದ್ದರು. ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಅಲ್ಲಿ ಬಿದ್ದಿತ್ತು. ಅದರಲ್ಲಿ ನಾಲ್ಕೂವರೆ ಅಡಿ ಕೊಯ್ಯಿಸಿದ. ನಾಲ್ಕೂವರೆ ಯಾಕೆ ಎಂದು ಯಾರೂ ಕೇಳಲಿಲ್ಲ. ನೀರು ಕಾಣಬೇಕೆಂದು ಬಟ್ಟೆಗೆ ಹಾಕುವ ನೀಲಿಯನ್ನು ಕಲಸಲು ಹೇಳಿದ. ಬಾಳಮ್ಮ ಸಿಟ್ಟಿಗೋ ಏನೋ ಇದ್ದ ಪುಡಿಯನ್ನೆಲ್ಲ ಸುರಿದು ಬಿಟ್ಟಳು. ಬಕೀಟು ಶಾಯಿಯ ಬಾವಿಯಾಯಿತು. ನಾಗಣ್ಣ ಸ್ಟೂಲಿನ ಮೇಲೆ ನಿಂತು ಪೈಪಿನ ಒಂದು ತುದಿಯನ್ನು ಯಂತ್ರದ ಕೊಳವೆಯ ಬಾಯಿಗೆ ಹಳೆಯ ಲುಂಗಿಯ ಚಿಂದಿಯಿಂದ ಬಿಗಿದು, ಇನ್ನೊಂದು ತುದಿಯನ್ನು ಬಕೀಟಿನಲ್ಲಿ ಬಿಟ್ಟ. ಗೋಡೆಯ ಮೇಲೆ ಇದ್ದಿಲಿನಿಂದ ಅಡಿ, ಅರ್ಧ ಅಡಿಯ ಗೆರೆ ಹಾಕಿದ. ಎರಡು ದಿನದ ಹಿಂದೆ ಸುಣ್ಣ ಕಂಡ ಗೋಡೆಗೆ ಅಳಿಯ ಇದ್ದಿಲು ಹಚ್ಚಿದರೂ ಜಗದೇವಪ್ಪ ತುಟಿ ಪಿಟಕ್ಕೆನ್ನಲಿಲ್ಲ. ವಿಜ್ಞಾನದ ಮುಂದೆ ಅವನು ಆಗಲೇ ಕೈಕಟ್ಟಿ ನಿಂತುಬಿಟ್ಟಿದ್ದ. ಶರಫುದ್ದೀನ ಮಾತ್ರ, ‘ಮಾಸ್ತರ್ ಸಾಬ, ಕಂಪನಿ ಪುಸ್ತಕದಾಗ ಈ ಟೆಸ್ಟ್ ಇಲ್ರಿ’ ಎಂದು ಎರಡು ಸಲ ಅಂದ. ‘ಕಂಪನಿ ತಾನೇ ತನ್ನ ಟೆಸ್ಟ್ ಮಾಡ್ಕೊಂತದೇನೋ ಹುಚ್ಚಾ’ ಎಂದು ಜಗದೇವಪ್ಪ ಗದರಿಸಿದ. ನಾಗಣ್ಣನಿಗೆ ಆ ಗದರಿಕೆ ಕೊರಳಿಗೆ ಬಿದ್ದ ಹಾರದಂತೆ ಹಿತವಾಗಿತ್ತು.

ಮೊದಲು ಕೆಂಪು. ಗರ್ಜಿಸಿತು. ನೀಲಿ ನೀರು ಪೈಪಿನಲ್ಲಿ ಸರ್ರನೆ ಏರಿ ಎರಡೂವರೆ ಅಡಿಯ ಗೆರೆಗೆ ಬಂದು ನಡುಗುತ್ತ ನಿಂತಿತು. ‘ಎರಡೂವರೀ!’ ಎಂದು ನಾಗಣ್ಣ ಕೂಗಿದ. ಜಗದೇವಪ್ಪ ಅದನ್ನು ಹರಾಜಿನವನಂತೆ ಮತ್ತೆ ಕೂಗಿದ. ಬೆತ್ತ ಬೀಸದೆ, ಗದರದೆ, ಒಂದು ಕೋಣೆ ಜನ ತನ್ನ ಮಾತಿಗೆ ಉಸಿರು ಹಿಡಿದು ನಿಲ್ಲುತ್ತಾರೆ ಎನ್ನುವುದು ಅವನಿಗೆ ಈ ನಲವತ್ತು ವರ್ಷದಲ್ಲಿ ಗೊತ್ತಿರಲಿಲ್ಲ. ಇನ್ನು ಹಸಿರು. ಆರುನೂರು ವ್ಯಾಟು, ಬಹಳ ಅಂದರೆ ಒಂದೂವರೆ ಅಡಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಶರಫುದ್ದೀನನಿಗೆ ಕೈಸನ್ನೆ ಮಾಡಿದ. ಅದು ಕುಂಯ್ ಎಂದಿತು. ನೀರು ಒಂದು ಅಡಿಗೆ ಬಂತು, ಎರಡು ದಾಟಿತು, ಕೆಂಪಿನ ಗೆರೆಯನ್ನು ದಾಟಿತು, ಅವಸರವಿಲ್ಲದೆ, ಸಣ್ಣ ನೀಲಿ ಹಾವಿನಂತೆ, ಮೂರು, ಮೂರೂವರೆ. ಆಗಲೇ ನಾಗಣ್ಣನಿಗೆ ಏನೋ ಆಯಿತು. ಅವನು ಪೈಪು ನೋಡುತ್ತಿದ್ದವನು ಬಕೀಟನ್ನು ನೋಡಿದ. ಬಕೀಟಿನ ನೀರಿನ ಮೇಲೆ ಈ ಕೋಣೆಯ ಗಾಳಿ ಕೂತಿದೆ. ಮಾಡಿನ ಗಾಳಿ, ಅಂಗಳದ ಗಾಳಿ, ಮಿಲ್ಲಿನ ಧೂಳಿನ ಗಾಳಿ, ಆಳಂದದಿಂದ ಗುಲ್ಬರ್ಗಾದ ತನಕದ, ಅದರ ಮೇಲಿನ, ಅದಕ್ಕೂ ಮೇಲಿನ ಗಾಳಿಯೆಲ್ಲ ಒಬ್ಬರ ಮೇಲೊಬ್ಬರು ಕೂತ ಹಾಗೆ ಕೂತು ಆ ನೀರನ್ನು ಒತ್ತುತ್ತಿದೆ. ಎಲ್ಲಿ ಏನೂ ಇಲ್ಲವೋ ಅಲ್ಲಿಗೆ ನೂಕುತ್ತಿದೆ. ಏನೂ ಇಲ್ಲದ್ದು ಎಳೆಯುವುದಿಲ್ಲ. ಪಾಪ, ಅದಕ್ಕೆ ಕೈಯೆಲ್ಲಿದೆ ಎಳೆಯಲು? ಇರುವುದೆಲ್ಲ ಸೇರಿ ನೂಕುತ್ತದೆ. ಉರುಹೊಡೆದ ಸಾಲು ಒಂದು ತಿಂಗಳ ನಂತರ ಗಂಟಲಿನಿಂದ ಇಳಿದು ಎದೆಯಲ್ಲಿ ತಣ್ಣಗೆ ಹರಡಿತು. ಹುಡುಗಿ ಸರಿಯಾಗಿ ಕೇಳಿದ್ದಳು, ಎಷ್ಟು ಸರಿಯಾಗಿ ಕೇಳಿದ್ದಳು ಎಂದು ಅವನು ಸ್ಟೂಲಿನ ಮೇಲೆ ಬಾಯಿ ತೆರೆದು ನಿಂತೇಬಿಟ್ಟ. ಕೆಳಗಿನಿಂದ ಶರಫುದ್ದೀನ ‘ಬಂದ್ ಮಾಡ್ಲ್ಯಾ? ಮಾಸ್ತರ್ ಸಾಬ, ಬಂದ್ ಮಾಡ್ಲ್ಯಾ?’ ಎಂದು ಒದರುತ್ತಿದ್ದದ್ದು ಅವನಿಗೆ ದೂರದ ಊರಿನ ಡಂಗುರದಂತೆ ಕೇಳಿಸಿತು. ಆಮೇಲೆ ಎಲ್ಲರೂ ಹೇಳಿದ ಪ್ರಕಾರ ಅವನು ನಗುತ್ತ ನಿಂತಿದ್ದನಂತೆ. ಕಾಲು ಬಕೀಟು ಖಾಲಿಯಾಗುವ ತನಕ ನಗುತ್ತ ನಿಂತಿದ್ದನಂತೆ.

ಧೂಳು ತುಂಬುವ ಚೀಲವನ್ನು ಶರಫುದ್ದೀನ ಆಗಷ್ಟೇ ಝಾಡಿಸಲೆಂದು ತೆಗೆದಿಟ್ಟಿದ್ದ. ಪೈಪಿನ ತುದಿ ದಾಟಿ ಕೊಳವೆಗೆ ನುಗ್ಗಿದ ನೀಲಿ ನೀರಿಗೆ ಒಳಗೆ ಅಡ್ಡ ಹಾಕುವವರು ಯಾರೂ ಇರಲಿಲ್ಲ. ಹಸಿರು ಯಂತ್ರ ಮೊದಲು ಬಿಕ್ಕಿತು. ಆಮೇಲೆ ಗುಟುಕು ಗುಟುಕಾಗಿ ಕುಡಿಯುವ ಸದ್ದು. ಆಮೇಲೆ ಅದರ ಬೆನ್ನ ಹಿಂದಿನ ಜಾಲರಿಯಿಂದ, ಆಕಳು ಕೆಮ್ಮಿದಂತೆ ಕೆಮ್ಮಿ, ನೀಲಿ ಮಳೆಯನ್ನು ಇಡೀ ಪಡಸಾಲೆಯ ಮೇಲೆ ಉಗುಳಿತು. ಗೋಡೆಯ ಮೇಲೆ, ಟಿವಿಯ ಮೇಲೆ, ಜಗದೇವಪ್ಪನ ಇಸ್ತ್ರಿ ಧೋತರದ ಮೇಲೆ, ಶಾರದಾಬಾಯಿಯವರ ಹಣೆಯ ವಿಭೂತಿಯ ಮೇಲೆ, ಶರಫುದ್ದೀನನ ಟೈ ಮೇಲೆ. ಚಟ್ ಎಂದು ಒಂದು ಬೆಳಕು, ಸುಟ್ಟ ರಬ್ಬರಿನ ವಾಸನೆ, ಮೇಲೆ ತಿರುಗುತ್ತಿದ್ದ ಪಂಖ ಸೋತು ನಿಂತಿತು. ಮನೆಯ ಫ್ಯೂಜು ಹೋಗಿತ್ತು. ಮಗ್ಗುಲಿನ ಮಿಲ್ಲು ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಗುಂಯ್ ಎನ್ನುತ್ತಿತ್ತು.

ಮೊದಲು ಮಾತಾಡಿದವನು ಶರಫುದ್ದೀನ. ಅವನ ದನಿಯಲ್ಲಿ ಅಳು ಇತ್ತು. ‘ಧೂಳ ಎಳಿಯೋ ಮಷಿನ್ರಿ ಇದು! ನೀರ ಕುಡಿಸ್ತಾರೇನ್ರಿ ಯಾರರೆ? ನಮ್ಮ ಸೇಠ ನನಗ ಕಚ್ಚಾ ತಿಂತಾನ.’ ನಾಗಣ್ಣ ಸ್ಟೂಲಿನಿಂದ ಇಳಿಯಲಿಲ್ಲ. ಇಳಿದರೆ ಎಲ್ಲರ ಎತ್ತರಕ್ಕೆ ಬರಬೇಕಾಗುತ್ತಿತ್ತು. ಮೇಲಿನಿಂದ ನೋಡಿದರೆ ಎಲ್ಲರೂ ಚುಕ್ಕೆ ಚುಕ್ಕೆಯಾಗಿ, ಯಾವುದೋ ಹೊಸ ಜಾತಿಯ ಪ್ರಾಣಿಗಳಂತೆ ಕಂಡರು. ಈಗ ಏನಾದರೂ ಹೇಳಬೇಕು, ಮತ್ತೊಂದು ಶಾಸ್ತ್ರದ ಮಾತು ಹೇಳಿದರೆ ಪಾರಾಗಬಹುದು, ಓಲ್ಟೇಜು ಏರುಪೇರಾಯಿತು ಎನ್ನಬಹುದು, ಯಾರಿಗೆ ಗೊತ್ತಾಗುತ್ತದೆ? ಓಲ್ಟೇಜು ಎನ್ನುವ ಶಬ್ದ ನಾಲಗೆಯ ತುದಿಗೆ ಬಂದು ನಿಂತಿತ್ತು. ಬದಲಿಗೆ ಅವನು, ‘ಭಾವೋರ, ನಾನು ಫಿಜಿಕ್ಸ್ ಓದಿದವ ಅಲ್ರಿ’ ಎಂದ. ‘ನಾನು ಕಪ್ಪಿ ಕೊಯ್ದವ. ಆ ರೇಡಿಯೋನೂ ನಾನು ರಿಪೇರಿ ಮಾಡಿಲ್ಲ. ಅದು ತಾನಾ ಹತ್ತಿತು.’ ಹೇಳಿ ಮುಗಿಸಿ ಕಣ್ಣು ಮುಚ್ಚಿಕೊಂಡ. ಬೈಗುಳ ಬರಲಿ ಎಂದು ಕಾದ. ಅಡುಗೆಮನೆಯ ಬಾಗಿಲಿನಿಂದ ಶಿವಕಾಂತಾಳ ದನಿ ಬಂತು. ‘ಅದೇನ್ ಹೊಸಾದು ಹೇಳ್ತೀರಿ, ಕೆಳಗ ಇಳೀರಿ ಮೊದ್ಲ, ಸ್ಟೂಲ್ ಒಂದು ಕಾಲು ಮುರದದ. ಕಪ್ಪಿ ಚಿತ್ರದ ವಹಿ ನಿಮ್ಮ ಟ್ರಂಕಿನ್ಯಾಗ ಮದುವಿ ಆದ ವರ್ಷಾನೇ ನೋಡೇನಿ ನಾ.’ ಹನ್ನೆರಡು ವರ್ಷ! ಹನ್ನೆರಡು ವರ್ಷ ಅವಳು ಗೊತ್ತಿದ್ದೂ, ಮಿಕ್ಸರ್ ಕೆಟ್ಟಾಗ, ಇಸ್ತ್ರಿಪೆಟ್ಟಿಗೆ ಕೆಟ್ಟಾಗ, ಅದನ್ನು ಅವನ ಮುಂದೆ ತರದೆ ಸದ್ದಿಲ್ಲದೆ ಲಾಡ್ಲೆಸಾಬನ ಅಂಗಡಿಗೆ ಒಯ್ದು ರಿಪೇರಿ ಮಾಡಿಸಿಕೊಂಡು ಬರುತ್ತಿದ್ದಳು. ಅದನ್ನು ಅವನು ತನ್ನ ವಿದ್ಯೆಯ ಮೇಲಿನ ಗೌರವ ಎಂದು ತಿಳಿದಿದ್ದ. ನಾಗಣ್ಣ ಸ್ಟೂಲಿನಿಂದ ಇಳಿದ.

ಜಗದೇವಪ್ಪ ಇವರಿಬ್ಬರ ಮಾತನ್ನು ಕೇಳಿರಲೇ ಇಲ್ಲ. ಅವನು ಗೋಡೆಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಇದ್ದಿಲಿನ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಿದ್ದ. ವ್ಯಾಪಾರದಲ್ಲಿ ಕೂದಲು ನೆರೆತ ಮನುಷ್ಯ. ತೊಗರಿಯ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಇಡೀ ಲಾರಿಯ ಮಾಲು ಹೇಗಿದೆ ಎನ್ನುವವನು. ‘ಸಾವಿರದ್ದು ಎರಡೂವರಿಗಿ ನಿಂತಿತ್ತು’ ಎಂದ, ತನ್ನಷ್ಟಕ್ಕೆ. ‘ಆರುನೂರಿಂದು ನಾಲ್ಕೂವರಿ ದಾಟಿ ಮನೀ ಎಲ್ಲಾ ತೊಳೀತು.’ ತಿರುಗಿದಾಗ ಅವನ ನೀಲಿ ಚುಕ್ಕೆಯ ಮುಖದಲ್ಲಿ ಹದಿನೈದು ದಿನದಿಂದ ಕಾಣದ ಕಳೆ ಇತ್ತು. ‘ಏ ಶರಫುದ್ದೀನ, ಅಳಬ್ಯಾಡ. ಇದು ನಂದೇ ಹೋತು ಅಂತ ತಿಳಕೋ. ಬುಧವಾರದಾಗ ಇಂಥಾದೇ ಇನ್ನೊಂದು ಹಸರಂದು ತಂದು ಕೊಡು. ಆ ಹಂಡಿ ವಾಪಸ್ ಒಯ್ಯಿ, ಬರೇ ಒದರತದ.’ ಶರಫುದ್ದೀನ ಒಮ್ಮೆ ಯಂತ್ರವನ್ನೂ ಒಮ್ಮೆ ಮಾಸ್ತರನನ್ನೂ ನೋಡಿ, ‘ಇಂಥಾ ಟೆಸ್ಟ್ ಇನ್ನ ಯಾರ ಮನ್ಯಾಗೂ ಹೇಳಬ್ಯಾಡ್ರಿ ಸಾಬ’ ಎಂದು ಕೈಮುಗಿದ. ಗೋಡೆಯ ಚಿಂತೆಯನ್ನು ಬಾಳಮ್ಮ ಬಗೆಹರಿಸಿದಳು. ಸುಣ್ಣಕ್ಕೆ ಹೇಗೂ ನೀಲಿ ಹಾಕುತ್ತಾರೆ, ಉಳಿದ ಮುಕ್ಕಾಲು ಬಕೀಟನ್ನು ಸುಣ್ಣದಲ್ಲಿ ಸುರಿದು ಇಡೀ ಪಡಸಾಲೆಗೆ ಬಳಿದುಬಿಟ್ಟರೆ ಡಾಕ್ಟರರಿಗೆ ಗೋಡೆ ಅಂದರೆ ಹೀಗೇ ಎನಿಸುತ್ತದೆ. ‘ಮತ್ತ ಕೇಳ್ರಿ, ಮಷಿನ್ ಯಾರು ಹಿಡಿಯೋರು? ಸಾವ್ಕಾರ್ತಿ ಹಿಡಿತಾರೇನು? ನನಗ ಕಲಿಸ್ರಿ’ ಎಂದಳು. ಕಲಿಸಲು ಶರಫುದ್ದೀನ ಆಗಲೇ ಕೆಂಪನ್ನು ತೆರೆದು ತೋರಿಸತೊಡಗಿದ್ದ.

ಊಟಕ್ಕೆ ಕೂತಾಗ ಶಾರದಾಬಾಯಿ, ಹಣೆಯ ನೀಲಿಯನ್ನು ಇನ್ನೂ ಒರೆಸಿಕೊಳ್ಳದೆ, ಅವನ ಎಲೆಯ ಮುಂದೆ ಕೂತರು. ‘ಸ್ಟೂಲ್ ಮ್ಯಾಲ ನಿಂತು ಅದೇನ್ ನೋಡಿ ನಗಾಕತ್ತಿದ್ದಿ, ತಮ್ಮಾ?’ ಅಳಿಯದೇವ್ರು ಹೋಗಿ ತಮ್ಮ ಆಗಿದ್ದ. ಅದು ಏರಿಕೆಯೋ ಇಳಿಕೆಯೋ ಅವನಿಗೆ ತಿಳಿಯಲಿಲ್ಲ. ನಾಗಣ್ಣ ನಿಂಬೆವ್ವನ ಸಂಗತಿ ಹೇಳಿದ. ಬೆಂಚು, ಜಡೆ, ಗಂಟೆಯ ತನಕ ನಿಲ್ಲಿಸಿದ್ದು, ಎಲ್ಲ. ಮುದುಕಿ ಬಹಳ ಹೊತ್ತು ಕೇಳಿ, ‘ನಾಳೆ ಸಾಲಿಗಿ ಹೋಗಿ ಆ ಹುಡಿಗಿಗಿ ಹೇಳು, ನೀ ಕೇಳಿದ್ದು ಖರೆ ಇತ್ತು ಅಂತ. ಕುಂತಾಗ ಹೇಳಬ್ಯಾಡ, ಆಕಿನ್ನ ಎಬ್ಬಿಸಿ ನಿಲ್ಲಿಸಿ ಹೇಳು. ನಿಲ್ಲಿಸಿದ್ದರ ಋಣ ನಿಲ್ಲಿಸೇ ತೀರಬೇಕು’ ಎಂದು ಅವನು ಬೇಡವೆಂದರೂ ಎರಡನೆಯ ಹೋಳಿಗೆ ಹಾಕಿದರು.

ಮಧ್ಯಾಹ್ನದ ಬಸ್ಸು ಗುಲ್ಬರ್ಗಾ ಮುಟ್ಟಿದಾಗ ಜೇವರ್ಗಿಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಬಿಸಿಲು ಇಳಿದಿರಲಿಲ್ಲ. ಗಂಡಹೆಂಡತಿ ಬಸ್‌ಸ್ಟ್ಯಾಂಡಿನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತರು. ಬಾಟಲಿಯ ತಂಪು ಶರಬತ್ತು ಒಂದೇ ಉಳಿದಿತ್ತು. ಅಂಗಡಿಯವನು ಕೇಳದೆಯೇ ಅದರಲ್ಲಿ ಎರಡು ಕಾಗದದ ನಳಿಗೆ ಇಟ್ಟು ಕೊಟ್ಟ. ಹನ್ನೆರಡು ವರ್ಷದಲ್ಲಿ ಹೀಗೆ ಬಯಲಲ್ಲಿ ಒಂದೇ ಬಾಟಲಿಗೆ ಇಬ್ಬರೂ ಬಾಯಿ ಹಾಕಿದ್ದಿಲ್ಲ. ಶಿವಕಾಂತಾ ಆಚೀಚೆ ನೋಡಿ, ಸೆರಗು ಅಡ್ಡ ಹಿಡಿದು, ಒಂದು ನಳಿಗೆಯನ್ನು ತುಟಿಗೆ ತಂದಳು. ‘ತಡಿ, ತಡಿ’ ಎಂದ ನಾಗಣ್ಣ. ‘ಈಗ ನೀ ಎಳ್ಯಾಕತ್ತೀಯ ಅಂತ ತಿಳಿತಿ, ಹೌದಿಲ್ಲೊ? ನೀ ಎಳ್ಯಾಂಗಿಲ್ಲ. ನಿನ್ನ ಬಾಯಾಗಿನ ಗಾಳಿ ಕಡಿಮಿ ಆಗ್ತದ, ಅಷ್ಟೇ. ಈ ಬಾಟಲಿ ಬಾಯಿಂದ ಹೊರಗಿನ ಗಾಳಿ ಒಳಗ ಬಂದು ಶರಬತ್ತಿನ ಮ್ಯಾಲ ಕುಂದ್ರತದ. ಕುಂತು ಒತ್ತತದ. ಹಿಂಗ.’ ತನ್ನ ಅಂಗೈಯನ್ನು ಇನ್ನೊಂದು ಅಂಗೈ ಮೇಲಿಟ್ಟು ಒತ್ತಿ ತೋರಿಸಿದ. ಬೆರಳ ಸಂದುಗಳಲ್ಲಿ ಇನ್ನೂ ನೀಲಿ ಇತ್ತು. ಶಿವಕಾಂತಾ ನಳಿಗೆ ಬಿಡದೆ, ಕಣ್ಣು ಅರಳಿಸಿ, ಹೂಂ ಹೂಂ ಎನ್ನುತ್ತ ಕೇಳಿದಳು. ಅಷ್ಟು ಗಮನವಿಟ್ಟು ಯಾವ ವಿದ್ಯಾರ್ಥಿಯೂ ಅವನ ಪಾಠ ಕೇಳಿರಲಿಲ್ಲ. ಉತ್ಸಾಹ ಬಂದು ಅವನು ಬಾವಿಯ ಪಂಪಿಗೆ ಹೋದ, ಮೂವತ್ತನಾಲ್ಕು ಅಡಿಯ ಮೇಲೆ ಯಾವ ಪಂಪೂ ನೀರನ್ನು ಎಳೆಯಲಾರದು, ಕ್ಷಮಿಸು, ನೂಕಿಸಿಕೊಳ್ಳಲಾರದು ಎಂದ, ಆಕಾಶದ ತುದಿಯ ತನಕ ಕೈ ಎತ್ತಿದ. ಕೈ ಇಳಿಸಿ, ತನ್ನ ನಳಿಗೆಗೆ ಬಾಯಿ ಹಚ್ಚಿ, ಗಾಳಿಯನ್ನು ಕಡಿಮೆ ಮಾಡಿದ. ಗೊರ್ರ್ ಎಂದು ಬರಿಯ ಸದ್ದು ಬಂತು.

‘ನಾನೇನೂ ಎಳೀಲಿಲ್ರಿ’ ಎಂದಳು ಶಿವಕಾಂತಾ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ‘ನೀವು ಹೇಳಾಕತ್ತಿದ್ರಿ, ಅದು ಬರಾಕತ್ತಿತ್ತು.’